ಜಾರದೆ ತಿರುಗುವ ರಬ್ಬರ್

ಮುಲುಂಡ್‌ನ ಓದುಗರೊಬ್ಬರು ಬರೆದಿದ್ದಾರೆ: ಎಲ್‌ಬಿಎಸ್ ಮಾರ್ಗದ ಹೊಂಡ, ಪೇವರ್ ಬ್ಲಾಕ್‌ಗಳ ಮೇಲೆ ಹೋದಾಗಲೆಲ್ಲ ಕಾರಿನ ಮುಂಭಾಗದಿಂದ ಕಟಕಟ ಸದ್ದು. ಲೋವರ್ ಆರ್ಮ್‌ನ ಬುಷ್ ಹೋಗಿದೆ ಎಂದರಂತೆ ಮೆಕ್ಯಾನಿಕ್. "ಪ್ರತಿ ಮಳೆಗಾಲಕ್ಕೂ ಮೊದಲು ಕಾರಿನ ಅಡಿಗೆ ತಪ್ಪದೆ ಆಯಿಲ್ ಸ್ಪ್ರೇ ಮಾಡಿಸಿದ್ದೇನೆ. ಆದರೂ ಹೇಗೆ ಹಾಳಾಯಿತು? ಹಳೆಯದನ್ನು ಮನೆಯಲ್ಲೇ ತೆಗೆಯಬಹುದೇ?"

ತೆಗೆಯಬಹುದು. ಆದರೆ ಮೊದಲು ಆ ಆಯಿಲ್ ಸ್ಪ್ರೇ ವಿಷಯ ಮಾತಾಡಲೇಬೇಕು.

ಬುಷ್ ಎಂದರೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಕೊಳವೆಗಳು, ನಡುವೆ ರಬ್ಬರ್. ಹೊರಕೊಳವೆ, ಚಕ್ರವನ್ನು ಕಾರಿಗೆ ಜೋಡಿಸುವ ಆರ್ಮ್‌ನ ರಂಧ್ರದಲ್ಲಿ ಬಿಗಿದು ಕೂತಿರುತ್ತದೆ. ಒಳಕೊಳವೆಯನ್ನು ಬೋಲ್ಟ್ ಕಾರಿನ ಚೌಕಟ್ಟಿಗೆ ಕಚ್ಚಿ ಹಿಡಿದಿರುತ್ತದೆ. ಚಕ್ರ ಏರಿಳಿದಾಗ ಆರ್ಮ್ ತಿರುಗಲೇಬೇಕು. ಹಾಗಾದರೆ ಇಲ್ಲಿ ಯಾವುದು ಯಾವುದರ ಮೇಲೆ ಜಾರುತ್ತದೆ? ಯಾವುದೂ ಇಲ್ಲ! ಬಹುತೇಕ ಬುಷ್‌ಗಳಲ್ಲಿ ರಬ್ಬರ್ ಎರಡೂ ಕೊಳವೆಗಳಿಗೆ ಕಾರ್ಖಾನೆಯಲ್ಲೇ ಬೆಸೆದುಕೊಂಡಿರುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಕೈ ಜಾರದೆ ಬಟ್ಟೆಯೇ ತಿರುಚಿಕೊಳ್ಳುವಂತೆ, ಇಡೀ ಚಲನೆಯನ್ನು ರಬ್ಬರ್ ತನ್ನ ಮೈಯೊಳಗೇ ನುಂಗಿಕೊಳ್ಳುತ್ತದೆ.

ಇದು ಸಾಧ್ಯವಾಗುವುದು ರಬ್ಬರಿನ ವಿಚಿತ್ರ ಗುಣದಿಂದ. ಸುಳ್ಯ, ಬೆಳ್ತಂಗಡಿ ಕಡೆಯಿಂದ ಮುಂಬಯಿಗೆ ಬಂದವರು ಟ್ಯಾಪಿಂಗ್ ಮಾಡಿದ ಮರದಿಂದ ತೊಟ್ಟಿಕ್ಕುವ ಬಿಳಿ ಹಾಲನ್ನು ಕಂಡೇ ಇರುತ್ತಾರೆ. ಆ ಹಾಲಿನಲ್ಲಿರುವುದು ಸಾವಿರಾರು ಐಸೋಪ್ರೀನ್ ಕೊಂಡಿಗಳು ಸೇರಿದ ಉದ್ದುದ್ದ ಸರಪಳಿ ಅಣುಗಳು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ಆ ಸರಪಳಿಗಳ ನಡುವೆ ಅಲ್ಲಲ್ಲಿ ಸೇತುವೆಗಳು ಕಟ್ಟಿಕೊಂಡವು. ಎಳೆದರೆ ಸುರುಳಿಗಳು ನೆಟ್ಟಗಾಗುತ್ತವೆ, ಬಿಟ್ಟರೆ ಮತ್ತೆ ಮುದುಡುತ್ತವೆ. ಮುದುಡಿಸುವ ಶಕ್ತಿ ಯಾವುದು ಗೊತ್ತೆ? ಶಾಖ! ಅಣುಗಳ ನಿರಂತರ ಕುಣಿತವೇ ಅವನ್ನು ಮತ್ತೆ ಗೋಜಲಾಗಿಸುತ್ತದೆ. ಅಗಲವಾದ ರಬ್ಬರ್ ಬ್ಯಾಂಡೊಂದನ್ನು ಥಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಇಂಗ್ಲೆಂಡಿನ ಜಾನ್ ಗಫ್ ಇದನ್ನು 1805ರಲ್ಲೇ ಪ್ರಕಟಿಸಿದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ತುಟಿಯ ಸ್ಪರ್ಶದಿಂದಲೇ ಈ ಬಿಸಿಯನ್ನು ಪತ್ತೆಹಚ್ಚಿದ್ದ.

ಜಾರುವ ಜಾಗವೇ ಇಲ್ಲದ ಮೇಲೆ ಎಣ್ಣೆ ಏಕೆ? ಹಳೆಯ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಕಾರಿನಡಿಗೆಲ್ಲ ಸಿಂಪಡಿಸುವುದು ತಲೆಮಾರಿನಿಂದ ಬಂದ ಮೂಢನಂಬಿಕೆ. ಲೋಹಕ್ಕೆ ತುಕ್ಕು ತಡೆದೀತು, ರಬ್ಬರಿಗೆ ಅದು ವಿಷ. ನೈಸರ್ಗಿಕ ರಬ್ಬರೂ ಖನಿಜ ತೈಲವೂ ಹೈಡ್ರೋಕಾರ್ಬನ್‌ಗಳೇ. ಸಜಾತಿಯ ಎಣ್ಣೆ ಸರಪಳಿಗಳ ನಡುವೆ ಸಲೀಸಾಗಿ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಗಂಧಕದ ಸೇತುವೆಗಳು ಇರುವುದರಿಂದ ರಬ್ಬರ್ ಕರಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಅನುಮಾನವಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ಡೀಸೆಲ್‌ನಲ್ಲಿ, ಇನ್ನೊಂದನ್ನು ಸಾಬೂನು ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಡೀಸೆಲ್‌ನದು ದಪ್ಪಗೆ, ಉದ್ದಕ್ಕೆ ಬೆಳೆದಿರುತ್ತದೆ; ಎಳೆದರೆ ಪಟಕ್ಕನೆ ಹರಿಯುತ್ತದೆ. ಬುಷ್ ಕೆಡಲು ಎಣ್ಣೆಯೊಂದೇ ಕಾರಣವಲ್ಲ ನಿಜ. ವಯಸ್ಸು, ಎಂಜಿನ್ನಿನ ಬಿಸಿ, ನಗರದ ಗಾಳಿಯ ಓಝೋನ್ ಕೂಡ ಹಿಗ್ಗಿದ ರಬ್ಬರನ್ನು ಸೀಳುತ್ತವೆ. ಇಷ್ಟು ಶತ್ರುಗಳು ಸಾಲದೆಂದು ನಾವೇ ದುಡ್ಡು ಕೊಟ್ಟು ಇನ್ನೊಂದನ್ನು ಸಿಂಪಡಿಸಬೇಕೆ?

ಇನ್ನು ತೆಗೆಯುವ ಕೆಲಸ. ಜಾಕ್ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕಬೇಡಿ, ಜಾಕ್ ಸ್ಟ್ಯಾಂಡ್ ಬೇಕು. ಆರ್ಮನ್ನು ಬಿಚ್ಚಿ ಹೊರತೆಗೆದು, ಹಳೆಯ ಬುಷ್ ಕೂತಿರುವ ದಿಕ್ಕನ್ನು ಗುರುತು ಹಾಕಿಕೊಳ್ಳಿ. ಅನೇಕ ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸೀಳುಗಳಿರುತ್ತವೆ. ಹೊಸದರಲ್ಲೂ ಅವು ಅದೇ ದಿಕ್ಕಿಗೆ ಬರಬೇಕು. ಕೆಲವರು ಗ್ಯಾಸ್ ಜ್ವಾಲೆಯಿಂದ ರಬ್ಬರನ್ನು ಸುಟ್ಟು ತೆಗೆಯುತ್ತಾರೆ. ಸಿಎನ್‌ಜಿ ಕಾರುಗಳು ಸಾಲಾಗಿ ನಿಂತ ಸೊಸೈಟಿ ಪಾರ್ಕಿಂಗ್‌ನಲ್ಲಿ ಅದನ್ನು ಯೋಚಿಸಲೂಬಾರದು. ಆ ಹೊಗೆಯೂ ಪುಪ್ಪುಸಕ್ಕೆ ಕೆಟ್ಟದ್ದು. ಉದ್ದನೆಯ ಥ್ರೆಡ್ ರಾಡ್, ನಟ್‌ಗಳು, ದಪ್ಪ ವಾಷರ್‌ಗಳು, ಎರಡು ಪೈಪ್ ತುಂಡುಗಳು ಸಾಕು: ಹೊರಕೊಳವೆಗಿಂತ ತುಸು ಸಣ್ಣದು ತಳ್ಳಲು, ದೊಡ್ಡದು ಹೊರಬರುವ ಬುಷ್ಷಿಗೆ ಜಾಗ ಕೊಡಲು. ನಟ್ ತಿರುಗಿಸುತ್ತಾ ಹೋದರೆ ಬುಷ್ ಇಂಚಿಂಚಾಗಿ ಜರುಗುತ್ತದೆ. ಮುಂಬಯಿಯ ಮಳೆಗೆ ತುಕ್ಕು ಹಿಡಿದು ಕದಲದಿದ್ದರೆ ರಬ್ಬರನ್ನು ಡ್ರಿಲ್‌ನಿಂದ ಕೊರೆದು ಒಳಕೊಳವೆ ಬಿಡಿಸಿ, ಹ್ಯಾಕ್ಸಾ ಬ್ಲೇಡ್ ತೂರಿಸಿ ಹೊರಕೊಳವೆಯನ್ನು ಉದ್ದಕ್ಕೆ ಒಂದು ಕಡೆ ಸೀಳಿ. ಆರ್ಮ್‌ಗೆ ಗೀರು ಬೀಳುವ ಮೊದಲೇ ನಿಲ್ಲಿಸಬೇಕು. ಸೀಳಿದ ಕೊಳವೆ ಹಿಡಿತ ಸಡಿಲಿಸುತ್ತದೆ.

ಹೊಸ ಬುಷ್ಷನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಡುವ ಉಪಾಯ ನನಗೆ ಬಹಳ ಇಷ್ಟ. 40 ಮಿ.ಮೀ. ವ್ಯಾಸದ ಉಕ್ಕಿನ ಕೊಳವೆ 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದರೆ ಕುಗ್ಗುವುದು ಸುಮಾರು 0.02 ಮಿ.ಮೀ. ಮಾತ್ರ. ಆದರೆ ಇಂಥ ಬಿಗಿತದ ಲೆಕ್ಕವೇ ಮಿಲಿಮೀಟರಿನ ನೂರನೇ ಭಾಗಗಳಲ್ಲಿ! ರಬ್ಬರ್ ಬಿರುಕು ಬಿಟ್ಟೀತೆಂಬ ಭಯ ಬೇಡ, ನೈಸರ್ಗಿಕ ರಬ್ಬರ್ ಗಾಜಿನಂತೆ ಪೆಡಸಾಗುವುದು ಮೈನಸ್ 70ರ ಆಸುಪಾಸಿನಲ್ಲಿ. ಕೂರಿಸುವಾಗ ಸಾಬೂನು ನೀರು ಹಚ್ಚಿ, ಗ್ರೀಸ್ ಮುಟ್ಟಬೇಡಿ.

ಕೊನೆಯ ಬಿಗಿತದಲ್ಲೇ ಅನೇಕ ಹೊಸ ಬುಷ್‌ಗಳು ಸಾಯುವುದು. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬೋಲ್ಟನ್ನು ಪೂರ್ತಿ ಬಿಗಿದರೆ ಒಳಕೊಳವೆ ಆ ಕೋನದಲ್ಲೇ ಸೆರೆಯಾಗುತ್ತದೆ. ಕಾರು ನೆಲಕ್ಕಿಳಿದು ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ವೀಲ್ ಅಲೈನ್‌ಮೆಂಟ್ ಆಮೇಲೆ.