ಬೆಂಗಳೂರೋ ಕೊಯಮತ್ತೂರೋ: ಕರೆಂಟಿನ ಕನ್ಸಲ್ಟೆನ್ಸಿಗೆ ಸೇರುವ ಮುನ್ನ

ದಿಂಬಂ ಘಟ್ಟದ 27 ತಿರುವು ಇಳಿದರೆ ಸತ್ಯಮಂಗಲ, ಅದರಾಚೆ ಈರೋಡು, ತಿರುಪ್ಪೂರು, ಕೊಯಮತ್ತೂರಿನ ಗಿರಣಿಗಳು. ಇತ್ತ ಗಡಿ ದಾಟಿದರೆ ಚಾಮರಾಜನಗರ, ಮೈಸೂರು, ಬೆಂಗಳೂರು. ತಾಳವಾಡಿಯ ರೈತ ಕೋಸು, ಟೊಮ್ಯಾಟೊ ಕುಯ್ಯುವ ಮುಂಚೆ ಎರಡೂ ಕಡೆ ರೇಟು ವಿಚಾರಿಸಿ ಗಾಡಿ ತಿರುಗಿಸುತ್ತಾನೆ. ಅದರಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದ ಮಗಳಿಗೆ ಎರಡು ಕಡೆಯಿಂದ ಆರ್ಡರ್ ಬಂದಿದೆ ಎಂದಿಟ್ಟುಕೊಳ್ಳಿ. ಒಂದು ಬೆಂಗಳೂರಿನ ದೊಡ್ಡ ಕನ್ಸಲ್ಟೆನ್ಸಿಯದು, ಇನ್ನೊಂದು ಕೊಯಮತ್ತೂರಿನಲ್ಲಿ ಹತ್ತಿಪ್ಪತ್ತು ಜನರಿರುವ ಎನರ್ಜಿ ಆಡಿಟ್ ಕಂಪೆನಿಯದು. ಎರಡರಲ್ಲೂ 'ಎನರ್ಜಿ ಕನ್ಸಲ್ಟೆಂಟ್' ಎಂದೇ ಬರೆದಿದೆ. ಇಲ್ಲಿ ರೇಟು ವಿಚಾರಿಸುವುದು ಹೇಗೆ?

"ಅದೆಂಥ ಕೆಲ್ಸ ಮಗ? ಬರೀ ಬುದ್ಧಿ ಹೇಳಕ್ಕೆ ಸಂಬಳ ಕೊಡ್ತರಾ?" ಎಂದು ಅಪ್ಪ ಕೇಳಿದರೆ ನಗಬೇಡಿ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ದೊಡ್ಡ ಕಂಪೆನಿ ಎಂದರೆ ಡೆಲಾಯ್ಟ್, ಕೆಪಿಎಂಜಿ, ಪಿಡಬ್ಲ್ಯೂಸಿ, ಇವೈ ಇಂಥವು. ಇವುಗಳಿಗೆ ವಿದ್ಯುತ್ ಕ್ಷೇತ್ರದಲ್ಲಿ ಕೆಲಸ ಕೊಡುವವರು ಹೆಚ್ಚಾಗಿ ಸರ್ಕಾರ, ವಿದ್ಯುತ್ ಕಂಪೆನಿಗಳು, ಬ್ಯಾಂಕು, ಹಣ ಹೂಡುವವರು. ಕರ್ನಾಟಕದಲ್ಲಿ 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಎಸ್ಕಾಂಗಳು ಹುಟ್ಟಿದವು. ತಮಿಳುನಾಡಿನ ಮಂಡಳಿ 2010ರಲ್ಲಿ ಒಡೆಯಿತು. ನಮ್ಮ ಬಾಯಲ್ಲಿ ಮಾತ್ರ ಅದು ಇನ್ನೂ ಇ.ಬಿ.ಯೇ! ಕಂಪೆನಿಗಳು ಬೇರೆ ಬೇರೆ ಆದಷ್ಟೂ ದರದ ಲೆಕ್ಕ, ಆಯೋಗದ ಮುಂದೆ ಅರ್ಜಿ, ವರದಿ, ಇವೆಲ್ಲ ಹೆಚ್ಚಿದವು. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ಭೂಮಿಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಇಂಥ ಕಡೆ ಬಿಸಿಲೆಷ್ಟು, ಕರೆಂಟೆಷ್ಟು, ಬ್ಯಾಂಕಿನ ಸಾಲ ತೀರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವುದೂ ಕನ್ಸಲ್ಟೆಂಟ್ ಕೆಲಸವೇ. ಸರ್ಕಾರ ಹೇಗೆ ನಡೆಯುತ್ತದೆ, ದುಡ್ಡು ಹೇಗೆ ಓಡಾಡುತ್ತದೆ ಎಂಬುದು ಇಲ್ಲಿ ಬೇಗ ಗೊತ್ತಾಗುತ್ತದೆ. ಆದರೆ ಒಂದು ಬಾಯ್ಲರನ್ನೂ ಕಣ್ಣಾರೆ ಕಾಣದೆ ಲ್ಯಾಪ್‌ಟಾಪ್ ಮುಂದೆಯೇ ಮೂರು ವರ್ಷ ಕಳೆದುಹೋಗಬಹುದು.

ಸಣ್ಣ ಆಡಿಟ್ ಕಂಪೆನಿಯ ದಾರಿಯೇ ಬೇರೆ. ಟಾಂಗ್ ಟೆಸ್ಟರ್, ಪವರ್ ಅನಲೈಜರ್, ಹೊಗೆ ಅಳೆಯುವ ಯಂತ್ರ ಹೊತ್ತುಕೊಂಡು ನೂಲಿನ ಗಿರಣಿ, ಅಕ್ಕಿ ಗಿರಣಿ, ಡೈಯಿಂಗ್ ಘಟಕಕ್ಕೆ ಹೋಗುವುದು. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಗಿರಣಿಗಳಲ್ಲಿ ಒತ್ತಿದ ಗಾಳಿಯ ಪೈಪುಗಳಿರುತ್ತವೆ. ಅದರಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಬಿದ್ದರೆ, 7 ಬಾರ್ ಒತ್ತಡದಲ್ಲಿ ಸುಮಾರು 3 ಕಿಲೋವಾಟ್ ಹಾಳು. ದಿನಕ್ಕೆ 24 ಗಂಟೆ, ವರ್ಷಕ್ಕೆ 300 ದಿನ ಓಡುವ ಗಿರಣಿಯಾದರೆ 21,600 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಒಂದೂವರೆ ಲಕ್ಷ ಬುಸ್ ಎಂದು ಹೋಯಿತು. ತೂತು ಒಂದೇ ಇರುವುದೂ ಇಲ್ಲ. ಬುದ್ಧಿ ಹೇಳುವವರಿಗೆ ಯಾಕೆ ದುಡ್ಡು ಕೊಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇದೇನು ಗಿರಣಿ ಮಾಲೀಕರ ಮರ್ಜಿಯ ಮೇಲೆ ಮಾತ್ರ ನಿಂತ ಕೆಲಸವಲ್ಲ. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು, 2002ರಲ್ಲಿ ದೆಹಲಿಯಲ್ಲಿ ಬಿಇಇ ಶುರುವಾಯಿತು. ಅದೇ, ಫ್ರಿಜ್ಜಿನ ಮೇಲೆ ನಕ್ಷತ್ರ ಅಂಟಿಸುವ ಇಲಾಖೆ. ಹೆಚ್ಚು ಶಕ್ತಿ ಬಳಸುವ ದೊಡ್ಡ ಕಾರ್ಖಾನೆಗಳಿಗೆ 2012ರಿಂದ ಉಳಿತಾಯದ ಗುರಿಯನ್ನೇ ಹಾಕಿಕೊಟ್ಟರು. ಮೊದಲ ಸುತ್ತಿನ ಎಂಟು ಉದ್ಯಮಗಳಲ್ಲಿ ಬಟ್ಟೆ ಉದ್ಯಮವೂ ಒಂದು. ನಮ್ಮ ಘಟ್ಟದ ಕೆಳಗಿನ ಸೀಮೆಗೆ ಇದು ದೂರದ ಮಾತಲ್ಲ.

ಈ ಕ್ಷೇತ್ರದಲ್ಲಿ ಜೀವಮಾನ ನಡೆಸುವವರಿಗೆ ಬಿಇಇ ಪರೀಕ್ಷೆ ಒಂದು ಮೆಟ್ಟಿಲು. ಎನರ್ಜಿ ಮ್ಯಾನೇಜರ್‌ಗೆ ಮೂರು ಪೇಪರ್, ಎನರ್ಜಿ ಆಡಿಟರ್‌ಗೆ ನಾಲ್ಕು. ಓದಿದ ಕೂಡಲೇ ಕಟ್ಟುವ ಹಾಗಿಲ್ಲ. ಬಿ.ಇ. ಆದವರಿಗೆ ಮೂರು ವರ್ಷ, ಡಿಪ್ಲೊಮಾದವರಿಗೆ ಆರು ವರ್ಷ ಅನುಭವ ಬೇಕು. ಅದೂ ಶಕ್ತಿ ಬಳಕೆಗೆ ಸಂಬಂಧಿಸಿದ ಅನುಭವ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆದ್ದರಿಂದ ಸೇರುವ ಮುಂಚೆಯೇ ಕೇಳಿಬಿಡಿ: "ಸಾರ್, ನಾಳೆ ಅನುಭವ ಪತ್ರದಲ್ಲಿ ಏನಂತ ಬರೆದುಕೊಡ್ತೀರಿ?" ಬರೀ 'ಅನಲಿಸ್ಟ್' ಎಂದಷ್ಟೇ ಇರುವ ಪತ್ರಕ್ಕೂ, ಯಾವ ಯಾವ ಘಟಕದಲ್ಲಿ ಏನು ಅಳೆದರು ಎಂದಿರುವ ಪತ್ರಕ್ಕೂ ಬಹಳ ಅಂತರ.

ಇನ್ನು, ಕಂಪೆನಿಗೆ ದುಡ್ಡು ಯಾರಿಂದ ಬರುತ್ತದೆ ಎಂದು ನೋಡಬೇಕು. ಪಂಪ್‌ಸೆಟ್ಟಿನ ಕರೆಂಟು ತಮಿಳುನಾಡಿನ ರೈತನಿಗೆ 1990ರಿಂದ ಪುಕ್ಕಟೆ. ಪಂಪು ಹೆಚ್ಚು ತಿಂದರೂ ಬಿಲ್ಲು ಬರುವುದಿಲ್ಲ, ಹಾಗಾಗಿ ರೈತ ಆಡಿಟರನ್ನು ಕರೆಯುವುದೂ ಇಲ್ಲ. ಕರೆಯುವವನು ಬಿಲ್ಲು ಕಟ್ಟುವವನೇ. ಸಲಹೆಗೆ ಮಾತ್ರ ಶುಲ್ಕ ತೆಗೆದುಕೊಳ್ಳುವ ಕಂಪೆನಿಗಳುಂಟು. ಉಳಿಸಿಕೊಟ್ಟ ದುಡ್ಡಿನಲ್ಲಿ ಪಾಲು ಪಡೆಯುವವೂ ಉಂಟು. ಇವೆರಡೂ ಸರಿಯೇ. ಮೂರನೆಯ ಜಾತಿ ಒಂದಿದೆ: ಹೆಸರು ಕನ್ಸಲ್ಟೆನ್ಸಿ, ಮಾಡುವುದು ಮೋಟಾರು, ಪ್ಯಾನಲ್ ವ್ಯಾಪಾರ. ಗೊಬ್ಬರದ ಅಂಗಡಿಯವನೇ ಎಲೆ ನೋಡಿ ರೋಗ ಹೇಳಿ ಅವನೇ ಔಷಧಿ ಕಟ್ಟಿಕೊಟ್ಟ ಹಾಗೆ. ವ್ಯಾಪಾರ ತಪ್ಪೆಂದಲ್ಲ. ಆದರೆ ಅಲ್ಲಿ ಕಲಿಯುವುದು ಮಾರುವ ವಿದ್ಯೆಯನ್ನು, ಅಳೆಯುವ ವಿದ್ಯೆಯನ್ನಲ್ಲ.

ಸಂಬಳದ ಮಾತು. ಆರ್ಡರಿನಲ್ಲಿರುವ 'ಸಿಟಿಸಿ' ಎಂಬುದು ಚೀಲ, ಹಗ್ಗ ಎಲ್ಲ ಸೇರಿಸಿ ಹಾಕಿದ ತೂಕ. ವರ್ಷಕ್ಕೆ ಆರು ಲಕ್ಷ ಎಂದಿದ್ದರೆ ತಿಂಗಳಿಗೆ ಐವತ್ತು ಸಾವಿರ ಮನೆಗೆ ಬರುತ್ತದೆ ಎಂದು ತಿಳಿಯಬೇಡಿ. ಕಂಪೆನಿ ಕಟ್ಟುವ ಪಿ.ಎಫ್., ಗ್ರಾಚುಟಿ, ವಿಮೆ, ವರ್ಷದ ಕೊನೆಗೆ ಬಂದರೆ ಬಂತು ಎನ್ನುವ 'ವೇರಿಯಬಲ್', ಎಲ್ಲ ಅದರಲ್ಲೇ ಸೇರಿರುತ್ತದೆ. ಕೈಗೆ ಎಷ್ಟು ಎಂದು ಬರೆಸಿಕೊಳ್ಳಿ. ಅದರಲ್ಲಿ ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್ ಕಳೆಯಿರಿ. ಬ್ಯಾಂಕಿನ ಓದಿನ ಸಾಲವಿದ್ದರೆ ಸಾಮಾನ್ಯವಾಗಿ ಕೋರ್ಸು ಮುಗಿದ ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ, ಬಡ್ಡಿ ಅದಕ್ಕೂ ಮುಂಚಿನಿಂದಲೇ ಏರುತ್ತಿರುತ್ತದೆ. ಅದನ್ನೂ ಕಳೆಯಿರಿ. ಉಳಿದದ್ದನ್ನು ಕೊಯಮತ್ತೂರಿನ ಸಂಬಳದಲ್ಲಿ ಉಳಿಯುವುದರ ಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಅಂತರ ಅಂದುಕೊಂಡಷ್ಟು ಇರುವುದಿಲ್ಲ.

ಬಾಂಡ್ ಇದ್ದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದನ್ನು ತಿಳಿದವರಿಗೆ ತೋರಿಸಿಯೇ ಸಹಿ ಹಾಕಿ. ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಇಟ್ಟುಕೊಳ್ಳುತ್ತೇವೆ ಎಂದರೆ, ಕೆಲಸಕ್ಕೆ ಮುಂಚೆ ದುಡ್ಡು ಕಟ್ಟಿ ಎಂದರೆ, ಎದ್ದು ಬನ್ನಿ.

ತಾಳವಾಡಿಯ ಮಕ್ಕಳ ಕೈಯಲ್ಲಿ ಇನ್ನೊಂದು ಬಂಡವಾಳವಿದೆ, ಅದನ್ನು ಅವರೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. 2006ರ ಕಾನೂನಿನ ನಂತರ ಶಾಲೆಯಲ್ಲೂ ತಮಿಳು ಬಂತು. ಬಣ್ಣಾರಿ ಅಮ್ಮನ್ ಸಕ್ಕರೆ ಕಂಪೆನಿಯನ್ನೇ ತೆಗೆದುಕೊಳ್ಳಿ. ಸತ್ಯಮಂಗಲದ ಬಳಿ ಆಲತ್ತುಕೊಂಬೈಯಲ್ಲೂ ಕಾರ್ಖಾನೆ, ನಂಜನಗೂಡು ತಾಲೂಕಿನ ಅಳಗಂಚಿಯಲ್ಲೂ ಕಾರ್ಖಾನೆ. ಎರಡೂ ಕಡೆ ಕಬ್ಬಿನ ಸಿಪ್ಪೆಯಿಂದ ಕರೆಂಟು ತೆಗೆಯುತ್ತಾರೆ. ಇಂಥ ಕಡೆ ಬಾಯ್ಲರ್ ನೋಡಿಕೊಳ್ಳುವವನ ಬಾಯಿಂದ ನಿಜ ಹೊರಡುವುದು ಅವನ ಭಾಷೆಯಲ್ಲಿ ಮಾತಾಡಿಸಿದಾಗ. "ಏಣ್ಣಾ, ರಾತ್ರಿ ಪಾಳಿಲಿ ಪ್ರೆಷರ್ ಯಾಕಣ್ಣ ಇಳೀತದೆ?" ಎಂದು ಅಳಗಂಚಿಯಲ್ಲಿ ಕೇಳಿ, ಅದನ್ನೇ ಆಲತ್ತುಕೊಂಬೈಯಲ್ಲಿ ತಮಿಳಿನಲ್ಲಿ ಕೇಳಬಲ್ಲ ಇಂಜಿನಿಯರುಗಳು ಎಷ್ಟು ಮಂದಿ ಸಿಗುತ್ತಾರೆ? ಇಂಟರ್‌ವ್ಯೂನಲ್ಲಿ ಇದನ್ನು ಧೈರ್ಯವಾಗಿ ಹೇಳಿಕೊಳ್ಳಿ.

ಹಾಗಾದರೆ ಯಾವುದು? ನನ್ನನ್ನು ಕೇಳಿದರೆ, ಮೊದಲ ಮೂರು ವರ್ಷಕ್ಕೆ ಮೀಟರಿನ ಮುಂದೆ ನಿಲ್ಲಿಸುವ ಕಂಪೆನಿಯೇ ಸರಿ, ತಿಂಗಳಿಗೆ ನಾಲ್ಕೈದು ಸಾವಿರ ಕಮ್ಮಿಯಾದರೂ. ಆಮೇಲೆ ದೊಡ್ಡ ಕಂಪೆನಿಗೆ ಹೋಗಬಹುದು. ಮೊದಲು ಕಾಗದದ ಕೆಲಸಕ್ಕೆ ಹೋಗಿ ಆಮೇಲೆ ಬಾಯ್ಲರ್ ಮನೆಗೆ ಬರುವುದು ಕಷ್ಟ. ಆದರೆ ಮಗಳಿಗೆ ಯಂತ್ರಕ್ಕಿಂತ ಲೆಕ್ಕ, ಕಾನೂನು, ಬರವಣಿಗೆಯಲ್ಲೇ ಮನಸ್ಸಿದ್ದರೆ ಈ ಮಾತು ಅವಳಿಗಲ್ಲ, ಬೆಂಗಳೂರಿಗೇ ಕಳುಹಿಸಿ.

ಕೊಯಮತ್ತೂರಿಗೇ ಎಂದಾದರೆ ಸಹಿ ಹಾಕುವ ಮುಂಚೆ ಇನ್ನೊಂದು ಫೋನು ಮಾಡಿಸಿ. ಗಿರಣಿಯ ಅಳತೆ ರಾತ್ರಿ ಪಾಳಿಯಲ್ಲೂ ನಡೆಯುತ್ತದೆ. ಹೊರ ಊರಿಗೆ ಹೋದಾಗ ತಂಗುವುದು ಎಲ್ಲಿ, ಜೊತೆಗೆ ಯಾರು ಬರುತ್ತಾರೆ, ಗಾಡಿ ಯಾರದು? ಇದನ್ನು ಅಪ್ಪ ಕೇಳುವುದಕ್ಕಿಂತ ಮಗಳೇ ಕೇಳಲಿ. ಈಗಾಗಲೇ ಅಲ್ಲಿ ಕೆಲಸ ಮಾಡುತ್ತಿರುವ ಹೆಣ್ಣುಮಕ್ಕಳು ಇದ್ದರೆ ಅವರನ್ನೇ ಕೇಳಲಿ.