ಹುಲಿ ಮೂರು, ಆಡು ಹದಿನೈದು: ಆಟದ ತಕ್ಕಡಿ ಯಾರ ಕೈಯಲ್ಲಿ?

ಮಡಕಶಿರ ಸೀಮೆಯ ಹಿರಿಯರಿಗೆ ಆಡು-ಹುಲಿ ಆಟವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ನೆರೆಮನೆಯ ತೆಲುಗರು ಇದನ್ನೇ ಪುಲಿ-ಮೇಕ ಎನ್ನುತ್ತಾರೆ. ಅರಳಿಕಟ್ಟೆಯ ಚಪ್ಪಡಿಯ ಮೇಲೆ ಸೀಮೆಸುಣ್ಣದಿಂದ 23 ಸಂಧಿಗಳ ಮನೆಯನ್ನು ಬರೆದು, ಮೂರು ಕಲ್ಲುಗಳನ್ನು ಹುಲಿಗಳೆಂದೂ ಹದಿನೈದು ಹುಣಸೆಬೀಜಗಳನ್ನು ಆಡುಗಳೆಂದೂ ಇಟ್ಟುಕೊಂಡರೆ ಆಟ ಸಿದ್ಧ. ಹಂಪಿಯ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು.

ಈ ಆಟದಲ್ಲಿ ಒಂದು ವಿಶೇಷವಿದೆ. ಚೌಕಾಬಾರದಲ್ಲಿ ಎಲ್ಲರಿಗೂ ಒಂದೇ ಸಂಖ್ಯೆಯ ಕಾಯಿ, ಒಂದೇ ನಿಯಮ. ಆಡು-ಹುಲಿಯಲ್ಲಿ ಹಾಗಲ್ಲ. ಹುಲಿ ಆಡಿನ ಮೇಲೆ ಹಾರಿ ಅದನ್ನು ಕೊಲ್ಲಬಲ್ಲದು; ಆಡು ಯಾರನ್ನೂ ಕೊಲ್ಲಲಾರದು. ಹದಿನೈದೂ ಆಡುಗಳನ್ನು ಇಟ್ಟು ಮುಗಿಯುವವರೆಗೆ ಒಂದಾದರೂ ಆಡು ಇಟ್ಟಲ್ಲಿಂದ ಕದಲುವಂತಿಲ್ಲ. ಆದರೂ ಆಡುಗಳು ಒಗ್ಗಟ್ಟಾಗಿ ದಾರಿ ಕಟ್ಟಿದರೆ ಹುಲಿಗೆ ಮಿಸುಕಲು ಜಾಗವಿರುವುದಿಲ್ಲ. ಬಲ ಬೇರೆ, ದೌರ್ಬಲ್ಯ ಬೇರೆ, ಗೆಲ್ಲುವ ಬಗೆಯೂ ಬೇರೆ. ಆದರೂ ಆಟ ಸರಿತೂಕದ್ದು. ನೇಪಾಳದಲ್ಲಿ ಇದರ ಸೋದರ ಆಟವಾದ ಬಾಘ್ ಚಾಲ್‌ನಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿಜ್ಞಾನಿಗಳು ಅದನ್ನು ಕಂಪ್ಯೂಟರಿನಿಂದ ಲೆಕ್ಕಹಾಕಿಸಿದಾಗ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂಬುದು ತಿಳಿದುಬಂತು. ತಲೆಮಾರುಗಳು ಕೈಯಂದಾಜಿನಲ್ಲಿ ಹೊಂದಿಸಿದ ತಕ್ಕಡಿ ಅಷ್ಟು ನೇರವಾಗಿ ನಿಂತಿತ್ತು!

ಈಗ ಕಟ್ಟೆಯಿಂದ ಮೊಬೈಲಿಗೆ ಬರೋಣ. ಇಂಟರ್‌ನೆಟ್ಟಿನಲ್ಲಿ ಸಾವಿರಾರು ಮಂದಿ ಒಟ್ಟಾಗಿ ಆಡುವ ಪಾತ್ರಧಾರಿ ಆಟಗಳಿವೆ. ಬಯಲಾಟದಲ್ಲಿ ವೇಷ ಹಂಚಿಕೊಳ್ಳುವಂತೆ ಇಲ್ಲಿ ಒಬ್ಬನು ಕತ್ತಿವೀರನಾಗುತ್ತಾನೆ, ಒಬ್ಬಳು ಬಿಲ್ಲುಗಾರ್ತಿಯಾಗುತ್ತಾಳೆ, ಇನ್ನೊಬ್ಬರು ಗಾಯ ಮಾಯಿಸುವ ವೈದ್ಯರಾಗುತ್ತಾರೆ. ಆಡಿದಷ್ಟೂ ಪಾತ್ರ ಬೆಳೆಯುತ್ತದೆ. ಹೀಗಿರುವಾಗ ಒಂದು ಬೆಳಗ್ಗೆ, ಮಗು ತಿಂಗಳುಗಟ್ಟಲೆ ಬೆಳೆಸಿದ ಪಾತ್ರದ ಶಕ್ತಿಯನ್ನು ಕಂಪನಿಯೇ ಇಳಿಸಿಬಿಡುತ್ತದೆ. ಮಗು ಮುಖ ಸಪ್ಪಗೆ ಮಾಡಿಕೊಂಡು, 'ಇದು ಮೋಸ' ಎನ್ನುತ್ತದೆ. ದೊಡ್ಡವರು, 'ಆಟ ತಾನೆ, ಬಿಡು' ಎನ್ನುತ್ತಾರೆ. ಆದರೆ ಆ ದೂರಿನಲ್ಲಿ ಕೇಳಿಸಿಕೊಳ್ಳಬೇಕಾದ ನ್ಯಾಯದ ಪ್ರಶ್ನೆಯೊಂದಿದೆ.

ಶಕ್ತಿಯನ್ನು ಏಕೆ ಇಳಿಸುತ್ತಾರೆ? ಒಂದು ಸಣ್ಣ ಲೆಕ್ಕ ಮಾಡೋಣ. ಕಲ್ಪಿತ ಆಟವೊಂದರಲ್ಲಿ ಕತ್ತಿವೀರನ ಪ್ರಾಣಬಲ 600, ಬಿಲ್ಲುಗಾರನದು 400. ಕತ್ತಿವೀರನು ಸೆಕೆಂಡಿಗೆ 25ರಷ್ಟು ಪೆಟ್ಟು ಕೊಡುತ್ತಾನೆ, ಬಿಲ್ಲುಗಾರನು 30ರಷ್ಟು. ಎದುರುಬದುರು ನಿಂತರೆ ಕತ್ತಿವೀರನಿಗೆ ಗೆಲ್ಲಲು 16 ಸೆಕೆಂಡು ಸಾಕು. ಬಿಲ್ಲುಗಾರನಿಗೆ 20 ಬೇಕು. ಆದರೆ ಬಿಲ್ಲುಗಾರನು ದೂರದಿಂದಲೇ ಹೊಡೆಯಬಲ್ಲನು. ಕತ್ತಿವೀರನು ಓಡಿ ಹತ್ತಿರ ಬರಲು 6 ಸೆಕೆಂಡು ಹಿಡಿದರೆ ಅವನಿಗೆ ಒಟ್ಟು 22 ಸೆಕೆಂಡು ಬೇಕಾಗುತ್ತದೆ. ಅಷ್ಟರೊಳಗೆ, 20ನೆಯ ಸೆಕೆಂಡಿನಲ್ಲೇ, ಅವನ ಕತೆ ಮುಗಿದಿರುತ್ತದೆ.

ಈಗ ಬಾಣದ ಪೆಟ್ಟನ್ನು 30ರಿಂದ 28ಕ್ಕೆ ಇಳಿಸಿ. 21 ಸೆಕೆಂಡು ದಾಟಿದರೂ ಬಿಲ್ಲುಗಾರನೇ ಗೆಲ್ಲುತ್ತಾನೆ. 27ಕ್ಕೆ ಇಳಿಸಿ. 22 ಸೆಕೆಂಡಿನಲ್ಲಿ ಅವನು ಕೊಟ್ಟ ಪೆಟ್ಟು 594 ಮಾತ್ರ. ಕೂದಲೆಳೆಯಲ್ಲಿ ಕತ್ತಿವೀರನ ಗೆಲುವು. ಒಂದೇ ಅಂಕಕ್ಕೆ ಸೋಲು-ಗೆಲುವು ಅದಲುಬದಲಾಯಿತು. ಆದುದರಿಂದಲೇ ಆಟ ಕಟ್ಟುವವರ ಕೆಲಸ ಕಠಿಣ. ಮೈದಾನ ಚಿಕ್ಕದಾಗಿ ಓಟಕ್ಕೆ 2 ಸೆಕೆಂಡು ಸಾಕಾದರೆ ಬಾಣದ ಪೆಟ್ಟು 30 ಇದ್ದರೂ ಬಿಲ್ಲುಗಾರನು ಸೋಲುತ್ತಾನೆ. ಎಲ್ಲ ಮೈದಾನಕ್ಕೂ, ಎಲ್ಲ ಆಟಗಾರರ ಕೈಚಳಕಕ್ಕೂ ಸರಿಹೊಂದುವ ಒಂದೇ ಅಂಕಿಯಿಲ್ಲ.

'ಬಲಿಷ್ಠನನ್ನು ಇಳಿಸುವ ಬದಲು ಉಳಿದವರನ್ನೆಲ್ಲ ಏರಿಸಬಾರದೇಕೆ?' ಎಂದು ಮಕ್ಕಳು ಕೇಳುವುದುಂಟು. ಬಯಲಾಟದಲ್ಲಿ ಮುಂದಿನ ಸಾಲಿನವನೊಬ್ಬ ಎದ್ದು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಕಡೆಗೆ ಎಲ್ಲರ ಕಾಲೂ ನೋಯುತ್ತದೆಯೇ ಹೊರತು ಯಾರಿಗೂ ಹೆಚ್ಚು ಕಾಣುವುದಿಲ್ಲ. ಎಲ್ಲರ ಶಕ್ತಿಯನ್ನೂ ಏರಿಸಿದರೆ ಆಟದ ರಾಕ್ಷಸರು ಸಲೀಸಾಗಿ ಸಾಯುತ್ತಾರೆ. ಆಗ ರಾಕ್ಷಸರನ್ನೂ ಏರಿಸಬೇಕಾಗುತ್ತದೆ. ಇದಕ್ಕೆ ಕೊನೆಯಿಲ್ಲ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 2004ರಲ್ಲಿ ಅಮೆರಿಕದ ಬ್ಲಿಜರ್ಡ್ ಸಂಸ್ಥೆಯು ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಮೊದಲಿಗೆ ಒಂಬತ್ತು ಪಾತ್ರವರ್ಗಗಳಿದ್ದವು. ನವೆಂಬರ್ 2008ರಲ್ಲಿ ಹತ್ತನೆಯದಾಗಿ ಡೆತ್ ನೈಟ್ ಬಂದಿತು. ಉಳಿದವರು ಮೊದಲ ಮೆಟ್ಟಿಲಿನಿಂದ ಏರಬೇಕಾಗಿದ್ದರೆ ಇವನ ಪಯಣ 55ನೆಯ ಮೆಟ್ಟಿಲಿನಿಂದಲೇ ಆರಂಭ. ಭಾರವಾದ ಕವಚವೂ ಉಂಟು, ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ವಿದ್ಯೆಯೂ ಉಂಟು. ಎಲ್ಲೆಲ್ಲೂ ಅವನೇ ತುಂಬಿಕೊಂಡನು. ಮುಂದಿನ ತಿಂಗಳುಗಳಲ್ಲಿ ಸಂಸ್ಥೆಯು ಅವನ ಶಕ್ತಿಯನ್ನು ಕಂತುಕಂತಾಗಿ ಇಳಿಸಿ, ಬದಲಾವಣೆಗಳನ್ನು ಪ್ರಕಟಿಸುತ್ತ ಹೋಯಿತು.

ನಮ್ಮ ಹಳ್ಳಿಗಳ ಮಕ್ಕಳಿಗೆ ಹೆಚ್ಚು ಪರಿಚಿತವಾದದ್ದು ಫ್ರೀ ಫೈರ್. ಅದು ಪಾತ್ರಧಾರಿ ಆಟವಲ್ಲ, ಗುಂಡಿನ ಆಟ; ಆದರೂ ಅಲ್ಲಿ ಹೆಚ್ಚಿನ ಪಾತ್ರಗಳಿಗೆ ಒಂದೊಂದು ವಿಶೇಷ ಶಕ್ತಿಯಿದೆ. ಫುಟ್‌ಬಾಲ್ ಆಟಗಾರ ರೊನಾಲ್ಡೊನ ಸಹಯೋಗದಲ್ಲಿ ಡಿಸೆಂಬರ್ 2020ರಲ್ಲಿ ಬಂದ ಕ್ರೋನೊ ತನ್ನ ಸುತ್ತ ಗುಂಡು ತಡೆಯುವ ಗೂಡನ್ನು ಕಟ್ಟಿಕೊಳ್ಳಬಲ್ಲನು. ಎಲ್ಲರೂ ಅವನನ್ನೇ ಆರಿಸಿಕೊಳ್ಳತೊಡಗಿದರು. 2021ರಲ್ಲಿ ಅವನ ಶಕ್ತಿಗೂ ಕತ್ತರಿ ಬಿದ್ದಿತು.

ಇಲ್ಲಿಯೇ ಪೋಷಕರು ಗಮನಿಸಬೇಕಾದ ಅಂಶವಿರುವುದು. ಕಟ್ಟೆಯ ಆಟಕ್ಕೂ ಮೊಬೈಲಿನ ಆಟಕ್ಕೂ ವ್ಯತ್ಯಾಸ ನಿಯಮದಲ್ಲಿಲ್ಲ. ನಿಯಮ ಬದಲಿಸುವವರು ಯಾರು ಎಂಬುದರಲ್ಲಿದೆ. ಕಟ್ಟೆಯಲ್ಲಿ 'ಎಷ್ಟು ಆಡು ಸತ್ತರೆ ಸೋಲು?' ಎಂಬುದನ್ನು ಆಟಕ್ಕೆ ಮೊದಲೇ ಇಬ್ಬರೂ ಒಪ್ಪಿಕೊಳ್ಳುತ್ತಾರೆ. ಒಂದಾಟ ಮುಗಿದ ಮೇಲೆ ಹುಲಿಯಾದವನು ಆಡಾಗಬಹುದು. ಮೊಬೈಲಿನಲ್ಲಾದರೋ ತಕ್ಕಡಿ ಕಂಪನಿಯ ಕೈಯಲ್ಲಿದೆ. ದುಡ್ಡು ಕೊಟ್ಟು ಪಡೆದ ಪಾತ್ರದ ಶಕ್ತಿ ನಾಳೆಯೂ ಹಾಗೆಯೇ ಇರುತ್ತದೆಂಬ ಭರವಸೆಯಿಲ್ಲ. ನಾವು ಕೊಳ್ಳುವುದು ಆ ವೇಷ ಹಾಕಿಕೊಂಡು ಆಡುವ ಅವಕಾಶವನ್ನು ಮಾತ್ರ. ಹೊಸ ಪಾತ್ರ ಮಾರಾಟಕ್ಕೆ ಬಂದಾಗ ಬಲಿಷ್ಠವಾಗಿದ್ದು, ಎಲ್ಲರೂ ಕೊಂಡ ಮೇಲೆ ದುರ್ಬಲವಾದರೆ, ಅದು ತೂಕ ಸರಿಪಡಿಸಿದ್ದೋ ವ್ಯಾಪಾರದ ಜಾಣತನವೋ ಎಂದು ಕೇಳುವ ಹಕ್ಕು ಆಟಗಾರನಿಗಿದೆ. ಶಕ್ತಿಯನ್ನು ಇಳಿಸುವುದೇ ಮೋಸವಲ್ಲ. ಕಾರಣ ಹೇಳದೆ ಇಳಿಸುವುದು ಸಂದೇಹಕ್ಕೆ ಎಡೆಗೊಡುತ್ತದೆ.

ಆದುದರಿಂದ ಮಗು ದೂರು ತಂದಾಗ ಬಾಯಿ ಮುಚ್ಚಿಸದಿರಿ. 'ನಿನ್ನ ಪಾತ್ರದ ಎದುರಿಗೆ ನೀನೇ ನಿಂತು ಆಡಿದ್ದರೆ ಏನನ್ನಿಸುತ್ತಿತ್ತು?' ಎಂದು ಕೇಳಿ. ಗೆಲ್ಲುವವನಿಗೆ ತಕ್ಕಡಿ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಸೋಲುವವನ ಕಡೆಯಿಂದಲೂ ನೋಡಲು ಕಲಿತ ಮಗು ಆಟಕ್ಕಿಂತ ದೊಡ್ಡದೊಂದನ್ನು ಕಲಿತಂತೆ.

ಈ ಭಾನುವಾರ ಸೀಮೆಸುಣ್ಣ ಹಿಡಿದು ಆಡು-ಹುಲಿಯ ಮನೆ ಬರೆಯಿರಿ. ಮಗುವಿನೊಡನೆ ಸ್ಥಾನ ಬದಲಿಸಿಕೊಳ್ಳುತ್ತ ಹತ್ತು ಆಟ ಆಡಿ, ಗೆಲುವುಗಳನ್ನು ನೋಟ್‌ಬುಕ್ಕಿನಲ್ಲಿ ಗುರುತಿಸಲು ಹೇಳಿ. ಅನಂತರ ಆಡುಗಳನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿ ಮತ್ತೆ ಹತ್ತು ಆಟ ಆಡಿ. ಎರಡು ಹುಣಸೆಬೀಜ ಕಡಿಮೆಯಾದುದಕ್ಕೆ ತಕ್ಕಡಿ ಎಷ್ಟು ವಾಲಿತೆಂಬುದನ್ನು ಮಗುವೇ ಲೆಕ್ಕಹಾಕಿ ನಿಮಗೆ ಹೇಳಲಿ.