ಜೀರ್ಜಿಂಬೆ ರೆಕ್ಕೆಯ ರಾಣಿ

1888ರ ಡಿಸೆಂಬರ್ 29, ಲಂಡನ್ನಿನ ಲೈಸಿಯಂ ಥಿಯೇಟರ್. ಪ್ರೇಕ್ಷಕರು ಕತ್ತಲಲ್ಲಿದ್ದಾರೆ, ರಂಗದ ಅಂಚಿಗೆ ಗ್ಯಾಸ್ ದೀಪಗಳ ಸಾಲು ಉರಿಯುತ್ತಿದೆ. ಲೇಡಿ ಮ್ಯಾಕ್‌ಬೆತ್ ಆಗಿ ನಟಿ ಎಲೆನ್ ಟೆರಿ ಬರುತ್ತಾಳೆ. ಇಳಿಬಿದ್ದ ಉದ್ದನೆಯ ಕೆಂಪು ಜಡೆಗಳು, ನೆಲ ಮುಟ್ಟುವ ಹಸಿರು ನಿಲುವಂಗಿ. ಆಕೆ ತಿರುಗಿದಂತೆಲ್ಲ ಅದು ಒಮ್ಮೆ ಹಸಿರು, ಒಮ್ಮೆ ನೀಲಿಯಾಗಿ ಮಿರುಗುತ್ತದೆ.

ಆ ಅಂಗಿಯನ್ನು ಹತ್ತಿರದಿಂದ ನೋಡಬೇಕು. ಕ್ರೋಶಾ ಕಡ್ಡಿಯಲ್ಲಿ ಹೆಣೆದ ಹಸಿರು ನೂಲು, ನಡುನಡುವೆ ನೀಲಿ ಜರಿ. ಮೇಲೆ ಒಂದೊಂದಾಗಿ ಹೊಲಿದ ಸುಮಾರು ಸಾವಿರ ಹುಳುವಿನ ರೆಕ್ಕೆಗಳು! ನಮ್ಮ ಹಳ್ಳಿ ಮಕ್ಕಳು ಬೆಂಕಿಪೊಟ್ಟಣದಲ್ಲಿಟ್ಟು ಸಾಕುತ್ತಿದ್ದ ಜೀರ್ಜಿಂಬೆಯ ಬಳಗದವು. ಇಂಥ ರೆಕ್ಕೆಗಳ ಕಸೂತಿ ಬಟ್ಟೆ ಆ ಕಾಲದಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಈ ಉಡುಪಿನ ವಿನ್ಯಾಸ ಆಲಿಸ್ ಕಾಮಿನ್ಸ್ ಕಾರ್ ಅವರದು: ಯೋಧನ ಸರಪಳಿ ಕವಚದಂತೆಯೂ ಕಾಣಬೇಕು, ಹಾವಿನ ಮೈಯಂತೆಯೂ ಹೊಳೆಯಬೇಕು. ಕಲಾವಿದ ಸಾರ್ಜೆಂಟ್ ಇದನ್ನು ಕಂಡು ಮರುಳಾದ. ಕಿರೀಟವನ್ನು ತಲೆಯ ಮೇಲೆತ್ತಿ ಹಿಡಿದ ಟೆರಿಯ ಚಿತ್ರ ಬರೆದ. ನಾಟಕದಲ್ಲಿ ಅಂಥ ದೃಶ್ಯವೇ ಇಲ್ಲ.

ಆಕೆಯ ಅಭಿನಯವನ್ನು ಹುಟ್ಟಿನಿಂದ ಬಂದ ಚೆಲುವೆಂದು ಹೊಗಳಿದವರೇ ಹೆಚ್ಚು. ನಾನು ಒಪ್ಪುವುದಿಲ್ಲ. 1847ರಲ್ಲಿ ಕೊವೆಂಟ್ರಿಯಲ್ಲಿ, ಊರೂರು ಸುತ್ತುವ ನಟ ದಂಪತಿಗೆ ಹುಟ್ಟಿದವಳು ಎಲೆನ್. ಒಂಬತ್ತನೇ ವಯಸ್ಸಿಗೆ ಚಾರ್ಲ್ಸ್ ಕೀನ್ ಅವರ ನಾಟಕ ಕಂಪನಿ ಸೇರಿ ರಂಗವೇರಿದಳು. ತುಂಟ ಕಿನ್ನರ ಪಕ್‌ನ ಪಾತ್ರ ಮಾಡುವಾಗ ಒಂದು ರಾತ್ರಿ, ನೆಲದ ಕಿಂಡಿಯಿಂದ ಮೇಲೆ ಬರುತ್ತಿದ್ದಂತೆಯೇ ಕೆಳಗಿದ್ದವನು ಬಾಗಿಲು ಮುಚ್ಚಿಬಿಟ್ಟ. ಕಾಲ್ಬೆರಳು ಸಿಕ್ಕಿ ಮುರಿಯಿತು. ಮಗು ಚೀರಿತು. ನಾಟಕ ಮುಗಿಸಿದರೆ ಸಂಬಳ ದುಪ್ಪಟ್ಟು ಎಂದರು ಶ್ರೀಮತಿ ಕೀನ್. ಎಲೆನ್ ಕೊನೆಯ ಮಾತುಗಳನ್ನು ಆಡಿಯೇ ಒಳಗೆ ಹೋದಳು. ವಾರಕ್ಕೆ 15 ಶಿಲಿಂಗ್ ಇದ್ದದ್ದು 30 ಆಯಿತು. ಸುಲಭವಾಗಿ ಕಂಡ ಆ ಕಲೆಯ ಬುಡದಲ್ಲಿ ಇಂಥ ರಾತ್ರಿಗಳಿವೆ.

ಹದಿನೇಳು ತುಂಬುವ ಮೊದಲೇ 46ರ ಚಿತ್ರಕಾರ ವಾಟ್ಸ್ ಜೊತೆ ಮದುವೆ. ಅದು ವರ್ಷವೂ ಬಾಳಲಿಲ್ಲ. ಆಮೇಲೆ ವಾಸ್ತುಶಿಲ್ಪಿ ಗಾಡ್ವಿನ್ ಜೊತೆ ರಂಗಭೂಮಿಯಿಂದ ದೂರ, ಹಳ್ಳಿಯ ಬದುಕು, ಇಬ್ಬರು ಮಕ್ಕಳು. ಮದುವೆಯಿಲ್ಲದ ಆ ಸಂಸಾರವನ್ನು ಅಂದಿನ ಸಮಾಜ ಕ್ಷಮಿಸುವಂತಿರಲಿಲ್ಲ. ಆದರೂ 1874ರಲ್ಲಿ ಮತ್ತೆ ರಂಗಕ್ಕೆ ಬಂದಾಗ ಜನ ಕೈಬಿಡಲಿಲ್ಲ.

1878ರಿಂದ ಲೈಸಿಯಂ ನಡೆಸುತ್ತಿದ್ದ ನಟ ಹೆನ್ರಿ ಇರ್ವಿಂಗ್ ಜೊತೆ ಅಲ್ಲಿ 24 ವರ್ಷ. ಒಫೀಲಿಯಾಳ ಹುಚ್ಚಿನ ದೃಶ್ಯಕ್ಕೆ ಕಪ್ಪು ಉಡುಪು ಬೇಕೆಂದಳು. ಕಪ್ಪು ಹ್ಯಾಮ್ಲೆಟ್‌ಗೆ ಮಾತ್ರವೆಂದು ಬಿಳಿ ತೊಡಿಸಿದರು. ಥಿಯೇಟರಿಗೆ ವಿದ್ಯುತ್ ದೀಪ ಬಂದಾಗ ಮುಖಗಳು ಕೆಡುವುದನ್ನು ಕಂಡು ಪಟ್ಟುಹಿಡಿದಳು. ಇರ್ವಿಂಗ್ ಗ್ಯಾಸ್ ದೀಪಗಳನ್ನೇ ಮತ್ತೆ ಹಾಕಿಸಿದ. ಆ ಕಣ್ಣು ಅಂಥದ್ದು.

1928ರಲ್ಲಿ, 81ನೇ ವಯಸ್ಸಿನಲ್ಲಿ ಕೆಂಟ್‌ನ ಸ್ಮಾಲ್‌ಹೈಥ್ ಮನೆಯಲ್ಲಿ ತೀರಿಕೊಂಡಳು. ಆ ಹಸಿರು ನಿಲುವಂಗಿ ಈಗಲೂ ಅಲ್ಲಿದೆ. ಆದರೆ ಆಕೆ ಬಹುವಾಗಿ ಬಯಸಿದ ರಾಸಲಿಂಡ್ ಪಾತ್ರ ಲೈಸಿಯಂನಲ್ಲಿ ಸಿಗಲೇ ಇಲ್ಲ. ರಾಸಲಿಂಡ್ ಬರುವ ಆ ನಾಟಕದಲ್ಲಿ ಇರ್ವಿಂಗ್‌ಗೆ ತಕ್ಕ ದೊಡ್ಡ ಪಾತ್ರವಿರಲಿಲ್ಲ.